ಅಲೆಯಿಲ್ಲದ ಜಾಗ

ಅರ್ಪಿತ ಸಮುದ್ರವನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ಆದರೂ ಜಯನಗರದ ಕೋಚಿಂಗ್ ಸೆಂಟರಿನಲ್ಲಿ ವರ್ಷಗಳಿಂದ ಅದರ ಪಾಠ ಮಾಡುತ್ತಿದ್ದಳು. ಲವಣತೆ, ಉಬ್ಬರ, ಇಳಿತ, ಪ್ರವಾಹ, ಎಲ್ಲಕ್ಕೂ ಎರಡೆರಡು ಸಾಲಿನ ವ್ಯಾಖ್ಯೆ. ಪರೀಕ್ಷೆಗೆ ಅಷ್ಟು ಸಾಕು. ಮಹಾಲಯ ಅಮಾವಾಸ್ಯೆಯ ಸರ್ಕಾರಿ ರಜೆಯಲ್ಲೂ ಮಧ್ಯಾಹ್ನದ ಬ್ಯಾಚು ನಡೆಯುತ್ತಿತ್ತು. ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ರಜೆ ಎಲ್ಲಿಯದು?

"ಅಮಾವಾಸ್ಯೆ ದಿನ ಸೂರ್ಯ, ಚಂದ್ರ ಎರಡೂ ಒಂದೇ ಕಡೆಯಿಂದ ಎಳೀತವೆ. ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ."

"ಅಂದ್ರೆ ಇವತ್ತು, ಮ್ಯಾಮ್?" ಮುಂದಿನ ಬೆಂಚಿನ ಚೈತ್ರ ಕೇಳಿದಳು.

"ಹೂಂ, ಇವತ್ತೇ."

"ಎಕ್ಸಾಮ್‌ಗೆ ಬರುತ್ತಾ?"

"ಬರುತ್ತೆ." ಎಲ್ಲರೂ ಬರೆದುಕೊಂಡರು.

ಅರ್ಪಿತ ಬೋರ್ಡಿನ ಮೇಲೆ ದಡ ಬರೆದಳು. ದಡದ ಕಡೆಗೆ ಅಲೆಗಳು, ಅವುಗಳ ನಡುವೆ ಒಂದು ಖಾಲಿ ಪಟ್ಟಿ. "ಅಲೆ ನೀರನ್ನ ದಡಕ್ಕೆ ತಳ್ಳುತ್ತೆ. ಆ ನೀರು ವಾಪಸ್ ಹೋಗಬೇಕಲ್ಲ? ಮರಳಲ್ಲಿ ಎಲ್ಲಿ ಕಾಲುವೆ ಥರ ಆಳ ಇರುತ್ತೋ ಅಲ್ಲಿಂದ ಓಡುತ್ತೆ. ಇದು ರಿಪ್ ಕರೆಂಟ್. ಇಳಿತದ ಹೊತ್ತಲ್ಲಿ ಜೋರು. ಇಲ್ಲಿ ಅಲೆ ಅಷ್ಟಾಗಿ ಒಡೆಯಲ್ಲ. ನೋಡೋಕೆ ಶಾಂತವಾಗಿರುತ್ತೆ, ಅದಕ್ಕೇ ಜನ ಇಲ್ಲೇ ಇಳೀತಾರೆ."

ಮೇಜಿನ ಮೇಲೆ ಫೋನು ಅದುರಿತು. ತಮ್ಮ ರೇವಂತನ ವಿಡಿಯೊ ಕಾಲ್.

ಅಜ್ಜಿ ನಾರಾಯಣಮ್ಮ ತೀರಿಕೊಂಡ ವರ್ಷ ಅದು. ಅಮಾವಾಸ್ಯೆಯಂದು ಸಮುದ್ರದಲ್ಲಿ ಮೂರು ಮುಳುಗು ಹಾಕಬೇಕು, ಬೇರೆ ದಿನ ಸಮುದ್ರ ಮುಟ್ಟಬಾರದು ಎಂದು ಬೇಗೂರಿನ ಪುರೋಹಿತರು ಅಪ್ಪನಿಗೆ ಹೇಳಿದ್ದರು. ಅಪ್ಪ ರಾಮಯ್ಯ ಮತ್ತು ರೇವಂತ್ ಬೆಳಗಿನ ಜಾವವೇ ಕಾರಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಟೈರು ಪಂಚರ್ ಆಗಿ ಕರಾವಳಿ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು.

"ಅಕ್ಕಾ, ನೋಡು, ಸಖತ್ತಾಗಿದೆ! ಜನಾನೇ ಇಲ್ಲ." ರೇವಂತ್ ಫೋನನ್ನು ಸಮುದ್ರದ ಕಡೆ ತಿರುಗಿಸಿದ. ಅಪ್ಪ ಪಂಚೆಯನ್ನು ಮರಳ ಮೇಲೆ ಬಿಟ್ಟು, ಚಡ್ಡಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. "ಅಪ್ಪ ಎಂಥಾ ಜಾಗ ಹುಡುಕಿದೆ ಗೊತ್ತಾ? ಆಚೆ ಈಚೆ ಎಲ್ಲ ಅಲೆ, ಇಲ್ಲಿ ಮಾತ್ರ ಇಲ್ಲ. ನಮ್ಮ ಕೆರೆ ಥರಾನೇ ಇದೆಯಂತೆ."

ಅರ್ಪಿತ ನೋಡಿದಳು. ಎರಡು ಕಡೆ ಬಿಳಿ ನೊರೆ. ನಡುವೆ ನುಣ್ಣಗೆ, ಕಪ್ಪಗೆ ಒಂದು ಪಟ್ಟಿ. ಅದರ ಮೇಲೆ ತೇಲುತ್ತಿದ್ದ ನೊರೆಯ ತುಂಡುಗಳು ದಡದ ಕಡೆಗೆ ಬರುತ್ತಿರಲಿಲ್ಲ, ದೂರ ಹೋಗುತ್ತಿದ್ದವು. ಬೋರ್ಡಿನ ಮೇಲಿದ್ದದ್ದೂ ಅದೇ.

"ಅಪ್ಪನ್ನ ಮೇಲೆ ಕರಿ. ಈಗಲೇ."

"ಶುರು ಮಾಡಿದ್ಯಾ ನಿನ್ನ ಪಾಠ? ಬೇಗೂರು ಕೆರೇನ ಈ ದಡದಿಂದ ಆ ದಡಕ್ಕೆ ಈಜಿದ ಮನುಷ್ಯ ಅದು."

"ಕರಿಯೋ ಅಂದ್ರೆ!"

ಅಷ್ಟರಲ್ಲಿ ಅಪ್ಪ ಎದೆಮಟ್ಟದ ನೀರಿಗೆ ಹೋಗಿ, ಮೂಗು ಹಿಡಿದು ಒಂದು ಮುಳುಗು ಹಾಕಿದ. ಎದ್ದಾಗ ಕಾಲಿಗೆ ನೆಲ ಸಿಗಲಿಲ್ಲ. ತಲೆ ಮಾತ್ರ ಕಂಡಿತು, ಅದೂ ಇಳಿದಿದ್ದ ಜಾಗದಿಂದ ಆಚೆ. ಅವನು ತಿರುಗಿ ನೇರ ದಡಕ್ಕೆ ಈಜಿದ. ಗಟ್ಟಿ ತೋಳು, ಅಭ್ಯಾಸವಾದ ಈಜು. ತಲೆ ಮಾತ್ರ ಚಿಕ್ಕದಾಗುತ್ತಲೇ ಹೋಯಿತು.

ನೀರಿಗೆ ಎದುರಾಗಿ ಈಜುವವನು ದಣಿಯುತ್ತಾನೆ, ದಣಿದವನು ಮುಳುಗುತ್ತಾನೆ. ಇದನ್ನು ಅರ್ಪಿತ ಪ್ರತಿ ಬ್ಯಾಚಿಗೂ ಹೇಳಿದ್ದಳು. ಹೇಳುವಾಗ ಆ ನೀರಿನಲ್ಲಿ ಯಾರ ಮುಖವೂ ಇರುತ್ತಿರಲಿಲ್ಲ.

"ಅಕ್ಕಾ, ಅಪ್ಪ ದೂರ ಹೋಗ್ತಿದೆ. ನಾನು ಇಳೀತೀನಿ."

"ಇಳೀಬೇಡ! ಇಳಿದ್ರೆ ಇಬ್ಬರೂ ಹೋಗ್ತೀರ. ನಿನಗೆ ಈಜೂ ಬರಲ್ಲ."

"ಮತ್ತೇನು ನಿಂತ್ಕೊಂಡು ನೋಡ್ಲಾ?" ಅವನು ಅಳುತ್ತಿದ್ದ.

"ಪಕ್ಕಕ್ಕೆ ಈಜೋಕೆ ಹೇಳು. ದಡಕ್ಕಲ್ಲ, ಪಕ್ಕಕ್ಕೆ. ಅಲೆ ಒಡೀತಿರೋ ಕಡೆಗೆ."

ರೇವಂತ್ ಗಂಟಲು ಹರಿಯುವಂತೆ ಕೂಗಿದ. ಸಮುದ್ರದ ಸದ್ದಿನಲ್ಲಿ ಅವನ ದನಿ ಅವನಿಗೇ ಕೇಳಿಸಿರಲಾರದು. "ಕೇಳಿಸ್ತಿಲ್ಲ ಅಕ್ಕಾ!"

ಅರ್ಪಿತ ಮೇಜನ್ನು ಹಿಡಿದುಕೊಂಡಳು. ದೂರ ಇರುವವನಿಗೆ ಹೇಳುವುದು ಹೇಗೆ? ಅವಳು ಚಿಕ್ಕವಳಿದ್ದಾಗ ಕೆರೆಯ ಕೆಳಗೆ ಇನ್ನೂ ಗದ್ದೆಯಿತ್ತು. ನೀರು ಕಟ್ಟುವಾಗ ಅಜ್ಜಿ ಏರಿಯ ಮೇಲೆ, ಅಪ್ಪ ಕೆಳಗೆ. ಕೂಗಿದರೆ ಕೇಳದಷ್ಟು ದೂರ. ಅಜ್ಜಿ ಟವೆಲು ಎತ್ತಿ ಒಂದು ಪಕ್ಕಕ್ಕೆ ಬೀಸಿದರೆ ಅಪ್ಪ ನೀರನ್ನು ಆ ಪಕ್ಕಕ್ಕೆ ತಿರುಗಿಸುತ್ತಿದ್ದ. ರೇವಂತ್ ಹುಟ್ಟುವ ಹೊತ್ತಿಗೆ ಗದ್ದೆ ಸೈಟುಗಳಾಗಿತ್ತು. ಅವನಿಗೆ ಇದ್ಯಾವುದೂ ಗೊತ್ತಿಲ್ಲ.

"ಅಪ್ಪನ ಪಂಚೆ ತಗೋ! ಮೇಲೆತ್ತಿ ಬಲಕ್ಕೆ ಬೀಸು. ಬರೀ ಬಲಕ್ಕೆ. ಮತ್ತೆ ಎತ್ತು, ಮತ್ತೆ ಬಲಕ್ಕೆ. ಬೀಸ್ತಾ ಆ ಕಡೆಗೇ ಓಡು, ಮರಳ ಮೇಲೇ!"

ಫೋನು ಮರಳಿಗೆ ಬಿತ್ತು. ಪರದೆಯ ತುಂಬ ಆಕಾಶ. ಸಮುದ್ರದ ಸದ್ದು, ಮತ್ತೇನೂ ಇಲ್ಲ.

ಅರ್ಪಿತ ಆ ಆಕಾಶವನ್ನೇ ನೋಡುತ್ತ ನಿಂತಳು. ಕೆಳಗಿನ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅಪ್ಪ ಮೇಲೆ ನೋಡದಿದ್ದರೆ? ನೋಡಿಯೂ ಇದು ನೆನಪಾಗದಿದ್ದರೆ? ಮಗ ಓಡಿಹೋಗುತ್ತಿದ್ದಾನೆ ಎಂದುಕೊಂಡರೆ? ಅಮ್ಮನಿಗೆ ಏನೆಂದು ಫೋನು ಮಾಡುವುದು? ಚೈತ್ರ ನೀರಿನ ಬಾಟಲು ಚಾಚಿದಳು. ಅರ್ಪಿತ ಅದರೊಳಗಿನ ನೀರು ಅಲುಗುವುದನ್ನು ನೋಡಿ ಮುಖ ತಿರುಗಿಸಿದಳು.

ಬಹಳ ಹೊತ್ತಿನ ಮೇಲೆ ಯಾರೋ ಕೆಮ್ಮಿದರು. ಕೆಮ್ಮು, ವಾಂತಿ, ಮತ್ತೆ ಕೆಮ್ಮು. ಪರದೆಯಲ್ಲಿ ರೇವಂತನ ಮುಖ ಬಂತು, ಮೂಗು ಬಾಯೆಲ್ಲ ಮರಳು.

"ಬಂತು. ಅಪ್ಪ ಬಂತು ಅಕ್ಕಾ. ಪಕ್ಕಕ್ಕೆ ತಿರುಗ್ತು, ಆಮೇಲೆ ಅಲೆಗಳೇ ತಳ್ಕೊಂಡು ಬಂದ್ವು."

ಅಪ್ಪ ಮರಳ ಮೇಲೆ ಕೈಯೂರಿ ಕುಳಿತಿದ್ದ. ಮೊಣಕೈ ತರಚಿಹೋಗಿತ್ತು. "ಅವ್ವ ನಿಂತಂಗಿತ್ತು ಏರಿ ಮೇಲೆ," ಎಂದ. ಉಪ್ಪುನೀರು ಉಗಿದು, "ಒಂದೇ ಮುಳುಗಾಗಿರೋದು ಕಣವ್ವ. ಇನ್ನೆರಡು ಬಾಕಿ ಅದೆ."

"ಅಪ್ಪಾ, ಮತ್ತೆ ಆ ನೀರಿಗೆ ಕಾಲಿಟ್ರೆ ನಾನು ನಿನ್ನ ಮಗಳೇ ಅಲ್ಲ."

"ಅರ್ಧಕ್ಕೆ ಬಿಡಬಾರದು ಅಂದವ್ರೆ ಪುರೋಹಿತ್ರು. ಇವನು ಕೈ ಹಿಡ್ಕೋತಾನೆ."

"ಇವನನ್ನ ಯಾರು ಹಿಡ್ಕೋತಾರೆ? ಬಾಟಲಲ್ಲಿ ತುಂಬಿಸ್ಕೊಂಡು ತಲೆ ಮೇಲೆ ಹುಯ್ಕೊ. ಅದೂ ಸಮುದ್ರದ ನೀರೇ."

ಅಪ್ಪ ಸರಿಯೆಂದು ತಲೆಯಾಡಿಸಿದ. ಜೀವನದಲ್ಲಿ ಮೊದಲ ಸಲ ಅವಳ ಮಾತು ಕೇಳಿದ, ಅದೇ ಅವಳನ್ನು ಇನ್ನಷ್ಟು ಹೆದರಿಸಿತು. ರೇವಂತ್ ಬಿಳಿ ನೊರೆಯ ಅಂಚಿನಲ್ಲಿ ಬಾಟಲು ತುಂಬಿಸಿ ತಂದ. ತಲೆಯ ಮೇಲೆ ನೀರು ಬಿದ್ದ ಕೂಡಲೇ ಅಪ್ಪ, ಕೆರೆ ದಾಟಿದ ಆ ಮನುಷ್ಯ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕಿರುಚಿದ.

"ಇನ್ನೊಂದು, ಅಪ್ಪ," ಎಂದ ರೇವಂತ್.

"ಬೇಡ," ಎಂದ ಅಪ್ಪ. "ಸಾಕು. ಕಾರಿಗೆ ನಡಿ."

"ಫೋನ್ ಕಟ್ ಮಾಡಬೇಡ," ಎಂದಳು ಅರ್ಪಿತ. "ಕಾರ್ ಹತ್ತೋವರೆಗೂ ನನಗೆ ಕಾಣ್ತಿರಬೇಕು."