ಭಂಡಾರ ಮುಟ್ಟಿ ಆಡಿದ ಮಾತು

ಗೂಳಪ್ಪನನ್ನು ಹಾಲಸಿದ್ದಪ್ಪ ಕೊಂದಿರಲಿಲ್ಲ. ಅದು ಅವನ ಹೆಂಡತಿ ಸಾತವ್ವನಿಗೂ ಗೊತ್ತಿತ್ತು, ಗೂಳಪ್ಪನ ಹೆಂಡತಿ ಶಿವವ್ವನಿಗೂ ಗೊತ್ತಿತ್ತು. ಬಾಡಗಂಡಿ ಊರ ಹತ್ತಿರ ಹಾಲಸಿದ್ದಪ್ಪನ ಕುರಿಗಳು ಗೂಳಪ್ಪನ ಕಬ್ಬಿಗೆ ಬಾಯಿ ಹಾಕಿದ್ದವು. ಬೈಯುತ್ತ ಓಡಿಬಂದ ಗೂಳಪ್ಪ ಕಾಲು ಜಾರಿ ನೀರಿಲ್ಲದ ಕಾಲುವೆಗೆ ಬಿದ್ದ. ತಲೆ ಕಲ್ಲಿಗೆ ಬಡಿಯಿತು, ಅಷ್ಟೇ.

ಆದರೆ ಅವರ ಹಟ್ಟಿಯ ರೂಢಿ ಬೇರೆ. ಜಗಳದಲ್ಲಿ ಜೀವ ಹೋದರೆ, ಕೈ ಮಾಡಿರಲಿ ಬಿಡಲಿ, ಎದುರಿಗಿದ್ದವನೇ ಹೊಣೆ ಹೊರಬೇಕು. ಬೀರೇಶ್ವರನ ಗುಡಿಯಲ್ಲಿ ಭಂಡಾರ, ಅಂದರೆ ದೇವರ ಅರಿಷಿಣ, ಮುಟ್ಟಿ "ಈ ಜೀವ ನನ್ನ ಮ್ಯಾಲ" ಎನ್ನಬೇಕು. ಒಂದು ಗಬ್ಬದ ಕುರಿ ಕೊಡಬೇಕು. ಸತ್ತವನ ಮನೆಯವರು ಅದೇ ಭಂಡಾರ ಹೊಣೆ ಹೊತ್ತವನ ಹಣೆಗೆ ಹಚ್ಚಿದರೆ ಮಕ್ಕಳ ಕಾಲಕ್ಕೂ ಹಗೆಯಿಲ್ಲ. ಹಾಲಸಿದ್ದಪ್ಪ ಹಿಂದೆಮುಂದೆ ನೋಡಿದ. ಎರಡು ಮಾತಿಗೆ ನಾಲಿಗೆ ಸವೆಯುತ್ತದೇನು ಎಂದು ಮುಂದೆ ನೂಕಿದವಳು ಸಾತವ್ವನೇ. ಅವನು ಆಡಿದ. ಶಿವವ್ವ ಅಳುತ್ತಲೇ ಹಚ್ಚಿದಳು.

ನಾಲ್ಕನೇ ದಿನ ಪೊಲೀಸರು ಬಂದರು. ಗುಡಿಯ ಹಿರಿಯ ಅಪ್ಪಾಸಾಬ ಸುಳ್ಳಾಡುವವನಲ್ಲ. ಕಿವಿಯಾರೆ ಕೇಳಿದ್ದನ್ನು ಹಾಗೆಯೇ ಬರೆಸಿದ. ಸತ್ಯವಂತರಿಂದ ಇಷ್ಟು ಕೇಡಾಗುತ್ತದೆಂದು ಸಾತವ್ವನಿಗೆ ಅವತ್ತು ತಿಳಿಯಿತು.

ಜಮಖಂಡಿಯ ವಕೀಲ ಬಿಡಿಸಿ ಹೇಳಿದ. ಕೊಲೆ ಎನ್ನಬೇಕಾದರೆ ಕೈಯೂ ಮಾಡಿರಬೇಕು, ಮನಸ್ಸೂ ಮಾಡಿರಬೇಕು. ಇವನು ಎರಡನ್ನೂ ಮಾಡಿಲ್ಲ. ಆದರೆ ಗುಡಿಯ ಮಾತನ್ನು ಕೋರ್ಟು ತಪ್ಪೊಪ್ಪಿಗೆ ಎಂದು ಓದುತ್ತದೆ. ಆ ಮಾತು ಆಡಿಯೇ ಇಲ್ಲ ಎಂದುಬಿಡಲಿ. ಶಿವವ್ವನ ಜೊತೆ ರಾಜಿ ಆಗಿದೆಯಲ್ಲ ಎಂದಳು ಸಾತವ್ವ. ಈ ಕಲಮಿಗೆ ರಾಜಿ ಇಲ್ಲ, ಫಿರ್ಯಾದಿ ಸರ್ಕಾರ ಎಂದ ವಕೀಲ.

"ಗಂಡನ್ನ ಕಳಕೊಂಡಾಕಿನ ಬಿಟ್ಟಾಳ್ರಿ. ಸರ್ಕಾರದ್ದು ಏನ್ ಸತ್ತೈತಿ?"

ವಕೀಲ ಫೈಲು ಕಟ್ಟಿದ. ಒಂದು ತಪ್ಪಿಗೆ ಎರಡು ಸಲ ಶಿಕ್ಷೆ ಇಲ್ಲವೆಂಬುದು ಕಾನೂನಿನಲ್ಲೂ ಇದೆ, ಆದರೆ ಗುಡಿಗೆ ಕೊಟ್ಟ ಕುರಿ ಶಿಕ್ಷೆಯ ಲೆಕ್ಕಕ್ಕಿಲ್ಲ ಎಂದ.

ಸಾತವ್ವ ಗಂಡನ ಕಾಲು ಹಿಡಿದಳು. ಒಂದೇ ಒಂದು ಸುಳ್ಳು ಹೇಳು ಎಂದು ಬೇಡಿಕೊಂಡಳು.

"ನಾ ಆಡಿಲ್ಲ ಅಂದ್ರ, ಶಿವವ್ವ ಹಚ್ಚಿದ್ದೂ ಸುಳ್ಳಾಕ್ಕೈತಿ," ಎಂದ ಹಾಲಸಿದ್ದಪ್ಪ.

ಕಟಕಟೆಯಲ್ಲಿ ಅವನು ಎರಡು ಮಾತು ಹೇಳಿದ: ಆ ಮಾತು ಆಡಿದ್ದು ಖರೆ, ಹೊಡೆದಿಲ್ಲ ಅನ್ನೋದೂ ಖರೆ. ಮೊದಲನೆಯದಷ್ಟೇ ತೂಕಕ್ಕೆ ಬಂತು. ತಲೆಯ ಗಾಯ ಕೋಲಿನ ಪೆಟ್ಟೂ ಆಗಿರಬಹುದು ಎಂದು ಡಾಕ್ಟರು ಬರೆದಿದ್ದರು. ಕುರುಬನ ಕೈಯಲ್ಲಿ ಕೋಲಿಲ್ಲದೆ ಇನ್ನೇನಿರುತ್ತದೆ? ಕೊಲ್ಲುವ ಉದ್ದೇಶವಿರಲಿಲ್ಲವೆಂದು ಅದು ಕೊಲೆಯಲ್ಲದ ನರಹತ್ಯೆ ಆಯಿತು. ಐದು ವರ್ಷ. ಹೆಸರು ಬದಲಾದರೂ ಜೈಲು ಅದೇ.

ಮರುದಿನ ಬೆಳಿಗ್ಗೆ ಶಿವವ್ವ ಸಾತವ್ವನ ಬಾಗಿಲಿಗೆ ಬಂದಳು. ಜೊತೆಗೆ ಆ ಕುರಿ, ಅದರ ಎರಡು ಮರಿ.

"ಒಂದ ತಪ್ಪಿಗಿ ಎರಡ ದಂಡ ಆದ್ವು. ಇವು ನನಗ ದಕ್ಕೂದಿಲ್ಲ. ಕಟ್ಕೋ."

ಸಾತವ್ವನಿಗೆ ಸಿಟ್ಟು ಉಕ್ಕಿತು. ಇಡೀ ಕೋರ್ಟಿಗೆ ಇಲ್ಲದ ನ್ಯಾಯ ಈ ವಿಧವೆಗೆ ಇತ್ತಲ್ಲ ಎಂದು ಹೊಟ್ಟೆ ಉರಿಯಿತು. ಆದರೆ ಕೊಟ್ಟ ಕುರಿ ತಿರುಗಿ ಬಂದರೆ ರಾಜಿ ಮುರಿದಂತೆ.

"ಕುರಿ ವಾಪಸ್ ಬಂದ್ರ ಅಂವಾ ಸುಮ್ಮಸುಮ್ಮನ ಜೈಲಿಗಿ ಹೋದಂಗ ಆಕ್ಕೈತಿ. ಹೊಡಕೊಂಡ ಹೋಗ ಬೇ."

ಕುರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಹಳೆಯ ದೊಡ್ಡಿಯ ಕಡೆ ಜಗ್ಗತೊಡಗಿತು. ಸಾತವ್ವ ಅದರ ಕಿವಿ ಹಿಡಿದು ತಿರುಗಿಸಿ, ಹಗ್ಗವನ್ನು ಶಿವವ್ವನ ಕೈಗೇ ಕೊಟ್ಟಳು.