ಮೊದಲು ಏನಾಯಿತು

"ನಾನು ಯಾರು, ಹೇಳಮ್ಮ ನೋಡೋಣ."

ಅಮ್ಮ ಮಗಳ ಮುಖವನ್ನೇ ನೋಡಿದಳು, ಗೋಡೆ ನೋಡಿದಳು. ಆಮೇಲೆ ಎದ್ದವಳೇ ಬಾಗಿಲ ಚಿಲಕ ಜಗ್ಗತೊಡಗಿದಳು. "ನನ್ನನ್ನ ಬಿಡಿ, ಮನೇಲಿ ಮಗು ಒಂದೇ ಇದೆ." ಕಾಲು ಗಂಟೆ ಬಾಲ ಸುಟ್ಟ ಬೆಕ್ಕಿನ ಹಾಗೆ ಕೊಠಡಿಯಲ್ಲೆಲ್ಲ ಓಡಾಡಿದಳು.

ಮರೆವಿನ ಕಾಯಿಲೆಯವರ ಈ ಆರೈಕೆ ಕೇಂದ್ರದಲ್ಲಿ ಎಲ್ಲಕ್ಕೂ ಒಂದು ಆ್ಯಪ್. ಅಮ್ಮ ಕೆರಳಿದಾಗಲೆಲ್ಲ ಮಗಳು, ಅವಳಿಲ್ಲದಾಗ ಸಿಸ್ಟರ್, ಅದರಲ್ಲಿ ಬರೆಯಬೇಕು: ಎಷ್ಟು ಹೊತ್ತು, ಏನು ಮಾಡಿದರು, ಅದಕ್ಕೆ ಮೊದಲು ಏನಾಯಿತು. ಮೂರನೆಯದಕ್ಕೆ ಅವಳು ಎಂದಿನಂತೆ 'ಏನೂ ಇಲ್ಲ' ಎಂದು ಒತ್ತಿದಳು. ಸೋಮವಾರ ಡಾಕ್ಟರು ಬರುತ್ತಾರೆ. ಹೀಗೆ ಬರೆದಾಗಲೆಲ್ಲ ಆ್ಯಪಿನಲ್ಲಿ ಬೀಳುವ ಕೆಂಪು ಗೆರೆಗಳು ಕಡಿಮೆಯಾಗದಿದ್ದರೆ ಮಾತ್ರೆ ಹೆಚ್ಚಿಸುತ್ತಾರೆ. ಹಾಗೆ ಹೆಚ್ಚಿಸಿಕೊಂಡ ಪಕ್ಕದ ಕೊಠಡಿಯ ಅಜ್ಜಿ ಈಗ ಕೈಯಲ್ಲಿ ಚಮಚ ಹಿಡಿದು ಕೂತಲ್ಲೇ ಕೂತಿರುತ್ತಾರೆ.

ಅಮ್ಮನ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದ ಸಿಸ್ಟರ್, ಮಗಳು ಹೊರಟಾಗ ಅವಳ ಹಿಂದೆಯೇ ಹೊರಗೆ ಬಂದರು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಇದನ್ನ ನೋಡಿ." ಟ್ಯಾಬಿನಲ್ಲಿ ಆ್ಯಪ್ ಬರೆದ ವಾರದ ನಕ್ಷೆಯಿತ್ತು. ದಿನವೂ ಸಂಜೆ ನಾಲ್ಕಕ್ಕೆ ಕೆಂಪು. "ಬುಧವಾರ ಮಾತ್ರ ಯಾಕೆ ಇಲ್ಲ?"

"ಬುಧವಾರ ನನಗೆ ಜ್ವರ. ನಾನು ಬಂದೇ ಇರ್ಲಿಲ್ಲ."

ಹೇಳಿದ ಮೇಲೆ ಅವಳಿಗೆ ಅರ್ಥವಾಯಿತು.

"ನಾನೇ ಕಾರಣ ಅಂತೀರಾ?"

"ನೀವಲ್ಲಕ್ಕ, 'ನಾನು ಯಾರು' ಅಂತ ನೀವು ಕೇಳೋದು. ಅವರಿಗೆ ಉತ್ತರ ಸಿಗಲ್ಲ, ನಿಮ್ಮ ಮುಖ ಸಪ್ಪೆಯಾಗುತ್ತೆ. ಏನೋ ತಪ್ಪು ಮಾಡ್ಬಿಟ್ಟೆ ಅಂತ ಅವರಿಗೆ ಗಾಬರಿ."

"ಇದನ್ನ ಮೊದಲೇ ಹೇಳ್ಬಾರದಿತ್ತಾ?"

"ನೀವು 'ಏನೂ ಇಲ್ಲ' ಅಂತ ಬರೀತಿದ್ರಿ. ನಾನೂ ನಂಬಿದ್ದೆ. ಇವತ್ತೇ ಕಿವಿಯಾರೆ ಕೇಳಿದ್ದು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಸಿಸ್ಟರನ್ನೂ ಆ್ಯಪನ್ನೂ ಮನಸಾರೆ ಬೈದುಕೊಂಡಳು. ಹೆತ್ತ ತಾಯಿ ಒಂದು ಸಲ ಹೆಸರು ಹಿಡಿದು ಕರೆಯಲಿ ಎಂದು ಆಸೆಪಡುವುದೂ ತಪ್ಪೇ? ಮನೆ ಬಂದಾಗ ಬೈಗುಳ ಮುಗಿದು ಅಳು ಬಂತು.

ಮರುದಿನ ನಾಲ್ಕಕ್ಕೆ ಪ್ರಶ್ನೆ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡು ಸ್ಟೂಲಿನ ಮೇಲೆ ಕೂತಳು. ಅಮ್ಮ ಕಿಟಕಿಗೆ ಹೋದಳು, ಬಾಗಿಲಿಗೆ ಹೋದಳು, ಚಿಲಕ ಮುಟ್ಟಿದಳು. ಬಿಟ್ಟು ಹಿಂದಿರುಗಿ ಮಗಳ ಅಂಗಿಯ ಭುಜದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಮೂವತ್ತು ವರ್ಷ ಊರಿನವರ ಬಟ್ಟೆ ಹೊಲಿದ ಕೈ ಅದು.

"ಯಾರು ಹೊಲಿದಿದ್ದು? ಎಳೀತಿದೆ."

"ಅಂಗಡೀಲಿ ತಗೊಂಡೆ."

"ದುಡ್ಡು ದಂಡ." ಅಮ್ಮ ಅವಳನ್ನು ಎಬ್ಬಿಸಿ ಭುಜದಿಂದ ಭುಜಕ್ಕೆ ಗೇಣು ಹಾಕಿದಳು. "ನನ್ನ ಮಗಳಿಗೂ ಇದೇ ಅಳತೆ. ನಾಲ್ಕು ಗಂಟೆಗೆ ಬರ್ತಾಳೆ. ಬಂದ್ರೆ ಕೂರಿಸಿ, ಕಳಿಸ್ಬೇಡಿ."

"ಹ್ಞೂಂ. ಕೂರಿಸ್ತೀನಿ."

"ಕೈ ಎತ್ತು."

ಮಗಳು ಎರಡೂ ಕೈ ಚಾಚಿ ನಿಂತಳು. ಚೀಲದಲ್ಲಿದ್ದ ಫೋನು ಇವತ್ತಿನ ವಿವರ ಕೇಳಿ ಒಂದು ಸಲ ಸದ್ದು ಮಾಡಿತು. ಅಮ್ಮ ಸೊಂಟದ ಅಳತೆಗೆ ಬಗ್ಗಿದ್ದಳು. ಮಗಳು ಕೈ ಇಳಿಸಲಿಲ್ಲ.