ತುಟಿ ಬಿಚ್ಚಬಾರದ ಊರಲ್ಲಿ

ರೊಟ್ಟಿ ಅಂಗಡಿಯ ಸಾಲು ಬೀದಿಯ ತಿರುವಿನವರೆಗೂ ಬೆಳೆದಿತ್ತು. ಐದು ವರ್ಷದ ರೀಮ್ ಅಮ್ಮನ ಕೋಟು ಜಗ್ಗಿ, “ಅಮ್ಮಾ, ಎಳ್ಳು ಹಾಕಿದ್ದೇ ಬೇಕು” ಎಂದು ತಮ್ಮ ಅರಬ್ಬಿಯಲ್ಲಿ ಹೇಳಿದಳು. ಹಿಂದೆ ನಿಂತಿದ್ದ ಹಿಕ್ಮೆತ್‌ನ ಕಿವಿಗೆ ಅಷ್ಟು ಬಿದ್ದರೆ ಸಾಕಾಗಿತ್ತು. ಅವನು ಅವರದೇ ಕಟ್ಟಡದ ಕೆಳಮನೆಯವನು, ನಿವೃತ್ತ ಬಸ್ ಚಾಲಕ.

“ಇದು ಟರ್ಕಿಯ ಮರಾಶ್ ಕಣಮ್ಮ, ನಿಮ್ಮ ಸಿರಿಯಾದ ಅಲೆಪ್ಪೊ ಅಲ್ಲ. ಟರ್ಕಿ ಭಾಷೆ ಬರದಿದ್ರೆ ಬಾಯಿ ಮುಚ್ಕೊಂಡಿರಿ. ನೆಂಟರಾದ್ರೂ ಮೂರು ದಿನಕ್ಕೆ ಹೊರಡ್ತಾರೆ, ನೀವು ಬಂದು ಹತ್ತು ವರ್ಷ ಆಯ್ತು!”

ಸಾಲಿನವರು ನಕ್ಕರು. ರೀಮ್‌ಳ ಅಮ್ಮ ರಬಾಬ್ “ತಪ್ಪಾಯ್ತು ಯಜಮಾನ್ರೇ” ಎಂದು ತಲೆ ತಗ್ಗಿಸಿದಳು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ, ಮನೆಗೆ ಬಂದು ಮಗಳ ತೊಡೆ ಚಿವುಟಿದಳು. “ಬೇರೆಯವರು ಕೂಗಿದ್ರೆ ತುಟಿ ಬಿಚ್ಚಬೇಡ. ನಮ್ಮ ಭಾಷೆ ಹೊರಗೆ ಬಂತೋ, ನಾಲಿಗೆ ಕಿತ್ತುಹಾಕ್ತೀನಿ.” ರೀಮ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು.

ಅಂದು ರಾತ್ರಿ ಮಗುವನ್ನು ಜೊತೆಗಿದ್ದ ಅತ್ತೆಯ ಪಕ್ಕ ಮಲಗಿಸಿ ರಬಾಬ್ ನೂಲಿನ ಗಿರಣಿಯ ಪಾಳಿಗೆ ಹೋದಳು. ಬೆಳಗಿನ ಜಾವ ನೆಲ ಗುಡುಗಿತು. ಯಂತ್ರಗಳು ಕಿತ್ತು ಬಂದವು, ಪಕ್ಕದಲ್ಲಿದ್ದ ಹೆಂಗಸಿನ ಮೇಲೆ ತೊಲೆ ಬಿತ್ತು. ಅಲೆಪ್ಪೊದಲ್ಲಿ ಬಾಂಬು ಬೀಳುವಾಗ ಆಕಾಶ ನೋಡಿ ಓಡಬಹುದಿತ್ತು. ಇಲ್ಲಿ ಕಾಲ ಕೆಳಗಿನ ನೆಲವೇ ಹಗೆಯಾಗಿತ್ತು. ಹಿಮದಲ್ಲಿ ಬರಿಗಾಲಲ್ಲಿ ಓಡಿ ಬಂದರೆ ಐದು ಮಹಡಿಯ ಕಟ್ಟಡ ಒಂದೇ ಗುಡ್ಡೆಯಾಗಿ ಬಿದ್ದಿತ್ತು.

ಕೆಳಮನೆಯ ಹಿಕ್ಮೆತ್ ನೆಲ ಅದುರಿದಾಗಲೇ ಹೊರಗೆ ಓಡಿ ಉಳಿದಿದ್ದ; ಮರುದಿನ ಬೆಳಿಗ್ಗೆ ಅವನ ಹೆಂಡತಿಯ ಹೆಣ ಹೊರಬಂತು. ಅಷ್ಟರಲ್ಲಿ ಬೀದಿಯಲ್ಲಿ ಮಾತು ಹಬ್ಬಿತ್ತು: ಸಿರಿಯಾದವರು ಕಳ್ಳತನಕ್ಕೆ ಇಳಿದಿದ್ದಾರಂತೆ. ಕಲ್ಲುಗಳ ಸಂದಿನಲ್ಲಿ ರೀಮ್‌ಳ ಹಳದಿ ಹೊದಿಕೆ ಕಂಡು ರಬಾಬ್ ಎಳೆಯುತ್ತಿದ್ದಾಗ ಬೆನ್ನಿಗೆ ಕಬ್ಬಿಣದ ಸಲಾಕೆ ಬಿತ್ತು.

“ಸತ್ತವರ ಹೊದಿಕೇನೂ ಬಿಡಲ್ವೇನೇ?” ದೂಳು ಮೆತ್ತಿದ ಅವಳ ಗುರುತು ಸಿಗದೆ ಹಿಕ್ಮೆತ್ ಅರಚಿದ.

“ನನ್ನ ಮಗಳದು!” ಎಂದಳು, ಟರ್ಕಿ ಭಾಷೆಯಲ್ಲೇ. ಆದರೆ ಉಚ್ಚಾರ ಅವಳನ್ನು ಹಿಡಿದುಕೊಟ್ಟಿತು.

“ಸಿರಿಯಾದವಳು ಕಣ್ರೋ!” ಎಂದವರೇ ಮೂವರು ಒದೆಯತೊಡಗಿದರು. ಪಕ್ಕೆಲುಬು ಮುರಿಯಿತು. ಆಗ ನೆಲ ಮತ್ತೆ ಅದುರಿ, ಎದುರಿನ ಗೋಡೆ ಕುಸಿದು ಒದೆಯುತ್ತಿದ್ದವರಲ್ಲಿ ಒಬ್ಬನನ್ನು ನುಂಗಿತು. ಉಳಿದವರು ದಿಕ್ಕಾಪಾಲಾದರು. ಹಿಕ್ಮೆತ್ ಸಲಾಕೆ ಹಿಡಿದು ಅಲ್ಲೇ ಕುಸಿದು ಕುಳಿತ.

ದೂಳು ಅಡಗಿದಾಗ, ಸಿಕ್ಕಿಬಿದ್ದವರನ್ನು ತೆಗೆಯಲು ದೂರದಿಂದ ಬಂದಿದ್ದ ಗಣಿ ಕಾರ್ಮಿಕ ಸತಿಲ್ಮಿಶ್ ಎಲ್ಲರನ್ನೂ ಸುಮ್ಮನಿರಿಸಿ ಗುಡ್ಡೆಯೊಳಕ್ಕೆ ಕೂಗಿದ. “ನನ್ನ ದನಿ ಯಾರಿಗಾದ್ರೂ ಕೇಳಿಸ್ತಿದೆಯಾ?” ಮೂರು ಸಲ ಕೂಗಿದ. ಏನೂ ಇಲ್ಲ.

“ಇಲ್ಲಿ ಯಾರೂ ಉಳಿದಿಲ್ಲ ತಾಯಿ. ಪಕ್ಕದ್ದಕ್ಕೆ ಹೋಗ್ತೀವಿ.”

ರಬಾಬ್‌ಗೆ ತನ್ನದೇ ಮಾತು ನೆನಪಾಯಿತು. ಬೇರೆಯವರು ಕೂಗಿದ್ರೆ ತುಟಿ ಬಿಚ್ಚಬೇಡ ಎಂದವಳು ತಾನೇ ಅಲ್ಲವೇ? ತೆವಳುತ್ತಾ ಹೋಗಿ ಬಿರುಕಿಗೆ ಬಾಯಿಟ್ಟು, ಇಡೀ ಬೀದಿ ಕೇಳುವಂತೆ ಅರಬ್ಬಿಯಲ್ಲಿ ಕಿರುಚಿದಳು. “ಇಹ್ಕಿ, ರೀಮ್! ಇಹ್ಕಿ! ಮಾತಾಡು ಮಗಳೇ, ಅಮ್ಮ ಬೈಯಲ್ಲ!”

ಕೆಳಗಿನಿಂದ ಸಣ್ಣ ದನಿ ಬಂತು.

“ನಮ್ಮ ಭಾಷೇಲಿ ಮಾತಾಡ್ಬಹುದಾ ಅಮ್ಮಾ? ಅಜ್ಜಿ ಏಳ್ತಾನೇ ಇಲ್ಲ.”

ಮೊದಲು ಕಲ್ಲು ಎತ್ತಲು ಬಂದದ್ದು ಹಿಕ್ಮೆತ್‌ನ ಸಲಾಕೆ. ಸಂಜೆಯ ಹೊತ್ತಿಗೆ ರೀಮ್ ಹೊರಬಂದಳು, ಒಂದು ಕಾಲು ಜಜ್ಜಿಹೋಗಿತ್ತು. ಜನರನ್ನು ಕಂಡದ್ದೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಿಕ್ಮೆತ್ ಅದನ್ನು ನೋಡಿದ. ರಬಾಬ್ ಅವನ ಮುಖ ನೋಡದೆ ಮಗಳನ್ನು ತಬ್ಬಿಕೊಂಡಳು.

“ಅದೇನೋ ಕೂಗಿದೆಯಲ್ಲ,” ಎಂದ ಹಿಕ್ಮೆತ್. “ಇನ್ನೊಂದ್ಸಲ ಹೇಳು.”

“ಇಹ್ಕಿ. ಮಾತಾಡು ಅಂತ.”

“ಇಕ್ಕಿ.”

“ಇಹ್ಕಿ.”

ಅವನು ಸಿರಿಯಾದವರೂ ವಾಸವಿದ್ದ ಪಕ್ಕದ ಕಟ್ಟಡದ ಗುಡ್ಡೆಗೆ ಹೋಗಿ ಹೊಟ್ಟೆಯ ಮೇಲೆ ಮಲಗಿದ. ಮೊದಲು ತನ್ನ ಭಾಷೆಯಲ್ಲಿ ಕರೆದ. ಆಮೇಲೆ ಬಿರುಕಿಗೆ ಬಾಯಿಟ್ಟು, ಹೊರಳದ ನಾಲಿಗೆಯಲ್ಲಿ ಕೂಗತೊಡಗಿದ: “ಇಹ್ಕಿ! ಇಹ್ಕಿ!”